ಒಂದು ಅಚ್ಚು ಬೆಲ್ಲ

ನಾನು ಒಂದು ತಕ್ಕಡಿ. ಅಂಗಡಿ ಮೇಜಿನ ಮೇಲೆ ಕೂತು ಕೊತ್ತಂಬರಿ ಬೀಜ ತೂಗುವ ಪೈಕಿಯಲ್ಲ. ಆಳುದ್ದದ ಕಬ್ಬಿಣದ ದಂಡ, ಎರಡು ತುದಿಗೂ ಸರಪಳಿ, ಸರಪಳಿಯಲ್ಲಿ ಹಲಸಿನ ಮರದ ಎರಡು ಮಣೆ, ನಡುನೆತ್ತಿಯಲ್ಲಿ ಒಂದು ಮುಳ್ಳು. ಮಂಡ್ಯದ ಕಡೆಯ ಒಂದು ಕುಲುಮೆಯಲ್ಲಿ ಹುಟ್ಟಿದೆ. ನನ್ನನ್ನು ಬಡಿದ ಕಮ್ಮಾರ ಕೊನೆಗೊಮ್ಮೆ ಖಾಲಿ ಮಣೆಗಳನ್ನು ತೂಗಬಿಟ್ಟು, ಮುಳ್ಳು ನೆಟ್ಟಗೆ ನಿಂತದ್ದು ನೋಡಿ, "ಇನ್ಮೇಲೆ ನಿನ್ನ ನಿಯತ್ತು ನಿಂದು ಕಣಪ್ಪ" ಎಂದ. ನನಗಾದ ಉಪದೇಶ ಅದೊಂದೇ.

ಮೊದಲು ಸೇರಿದ್ದು ಸಾಹುಕಾರ ಚಿಕ್ಕಣ್ಣನವರ ಬೆಲ್ಲದ ಮಂಡಿಗೆ. ಆಲೆಮನೆಗಳಿಂದ ಬಂದ ಬೆಲ್ಲವನ್ನೆಲ್ಲ ನಾನೇ ತೂಗುತ್ತಿದ್ದೆ. ನನ್ನ ಮಣೆ ಬೆಲ್ಲ ಕುಡಿದು ಕುಡಿದು ಕಪ್ಪಾಯಿತು. ನೊಣ, ಇರುವೆಗಳೇ ನೆಂಟರಾದವು. ಸಾಹುಕಾರರ ಮೊಣಕಾಲಿಗೆ ಮಾತ್ರ ತೂಕದ ಕಲ್ಲಿಡುವ ಮಣೆಯ ಮೇಲೆ ವಿಪರೀತ ಪ್ರೀತಿ. ಬೆಲ್ಲ ತಂದವನ ಮನೆಮಂದಿಯ ಯೋಗಕ್ಷೇಮ ಕೇಳುತ್ತಾ ಕೇಳುತ್ತಾ ಮೆಲ್ಲಗೆ ಅದಕ್ಕೊರಗುವರು. ಯೋಗಕ್ಷೇಮ ಉದ್ದವಾದಷ್ಟೂ ಬೆಲ್ಲ ಹಗುರವಾಗುತ್ತಿತ್ತು. ಕೊನೆಗೆ ಅದೇ ಮೊಣಕಾಲು ಹಿಡಿದುಕೊಂಡು ಕೂತರು. ನೋವು ಯಾವ ತೈಲಕ್ಕೂ ಬಗ್ಗಲಿಲ್ಲ. ಗೋಪಾಲಸ್ವಾಮಿಗೆ ಹರಕೆ ಹೊತ್ತರು. ನೋವಿನ ಕಾರಣ ಅವರಿಗೂ ಗೊತ್ತಿತ್ತೋ ಏನೋ, ಕಾಣಿಕೆಯಾಗಿ ಗುಡಿಗೆ ಕಳಿಸಿದ್ದು ನನ್ನನ್ನೇ.

ಗುಡಿಯ ಮಂಟಪದ ತೊಲೆಗೆ ನನ್ನನ್ನು ನೇತುಹಾಕಿದರು. ಮಂಡಿಯಲ್ಲಿ ಬೆಲ್ಲಕ್ಕೆ ಎದುರು ಕಲ್ಲು. ಇಲ್ಲಿ ಬೆಲ್ಲಕ್ಕೆ ಎದುರು ಮನುಷ್ಯ. ಹರಕೆ ಹೊತ್ತವರು ಒಂದು ಮಣೆಯಲ್ಲಿ ಕೂರುವರು. ಅವರ ತೂಕದಷ್ಟು ಬಾಳೆಹಣ್ಣೋ ತೆಂಗಿನಕಾಯೋ ಇನ್ನೊಂದು ಮಣೆ ಏರಿ ದೇವರ ಪಾಲಾಗುವುದು. ಕಾಯಿ ಉಳಿಸಲೆಂದು ಉಸಿರು ಬಿಗಿಹಿಡಿದು ಕೂತ ಭಕ್ತರನ್ನೂ ಕಂಡಿದ್ದೇನೆ. ಉಸಿರಿಗೆ ಅಂಥ ತೂಕವಿಲ್ಲವೆಂದು ಹೇಳಲು ನನಗೆ ಬಾಯಿಲ್ಲ.

ಸಂಜೆ ಮಂಗಳಾರತಿ ಮುಗಿದ ಮೇಲೆ ಅರ್ಚಕ ವರದಾಚಾರ್ಯರು ನನ್ನ ಕೆಳಗೇ ಕೂತು ಹಳೆಯ ಕಾವ್ಯ ಓದುತ್ತಿದ್ದರು. ಒಂದೊಂದು ಪದ್ಯವನ್ನೂ ರಾಗ ಕಟ್ಟಿ, ಬಿಡಿಸಿ, ಮತ್ತೆ ಕಟ್ಟಿ. ಪದ್ಯ ಮುಗಿಯುವ ತನಕ ಏಳುವವರಲ್ಲ, ಹಸುವೇ ಬಂದು ಹೂವಿನ ಬುಟ್ಟಿ ಮೇಯಲಿ. ಕೇಳುಗರೆಂದರೆ ನಾಲ್ಕಾರು ಮುದುಕರು, ಗೋಪುರದ ಬಾವಲಿಗಳು ಮತ್ತು ನಾನು. ಮುದುಕರು ತೂಕಡಿಸುತ್ತಿದ್ದರು. ನಾನು ಕಲಿತದ್ದೆಲ್ಲ ಕೇಳಿಯೇ ಕಲಿತದ್ದು. ಕಿವಿ ಇಲ್ಲವೆಂಬುದು ಬೇರೆ ಮಾತು.

ಒಂದು ಶನಿವಾರ ಸಣ್ಣತಾಯಮ್ಮ ಮೊಮ್ಮಗಳು ಸಿಂಚನಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಶಾಲೆಗೆ ಹೋಗುವ ಹುಡುಗಿ, ಸೊಂಟವೇರುವ ವಯಸ್ಸು ದಾಟಿತ್ತು. ಆದರೆ ಒಣ ಕಡ್ಡಿಯ ಕಟ್ಟಿನಷ್ಟು ಹಗುರ. ಕೊಡಗಟ್ಟಲೆ ನೀರು ಕುಡಿದೂ ಬಾಯಾರಿಕೆ ತೀರದೆ, ತಿಂದದ್ದು ಮೈಗೆ ಹತ್ತದೆ ಕರಗಿಹೋಗಿದ್ದಳಂತೆ. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದರು, ಟೈಪ್ ಒನ್. ದೊಡ್ಡವರಿಗೆ ಬರುವಂಥದ್ದಲ್ಲ, ಒಳಗೆ ಇನ್ಸುಲಿನ್ ಹುಟ್ಟುವುದೇ ನಿಂತಿದೆ, ಬದುಕಿರುವ ತನಕ ಹೊರಗಿನಿಂದ ಚುಚ್ಚಿಕೊಳ್ಳಬೇಕು.

ಅಜ್ಜಿ ಗರ್ಭಗುಡಿಯ ಕಡೆ ಕೈಮುಗಿದು, "ಗೋಪಾಲಪ್ಪ, ಕೂಸು ಮೈ ತುಂಬ್ಕೊಂಡು ಬೆಳೀಲಿ. ಅವಳ ತೂಕದಷ್ಟು ಬೆಲ್ಲ ತೂಗ್ತೀನಿ" ಎಂದಳು.

ಆಚಾರ್ಯರು ಗಂಟಲು ಸರಿಮಾಡಿಕೊಂಡರು. "ತಾಯಮ್ಮ, ಮಗೂಗೆ ಸಕ್ಕರೆ ಕಾಯಿಲೆ ಅಂತೀರಿ. ಬೆಲ್ಲ ಯಾಕೆ? ಹೆಸರುಬೇಳೆ ಅನ್ನಿ."

"ಅದ್ಕೇ ಬೆಲ್ಲ ಕಣ್ರೀ ಅಯ್ನೋರೆ. ಅವಳು ಕಂಡಂಗೆ ತಿನ್ನೋ ಹಂಗಿಲ್ಲ, ಅವಳ ಪಾಲಿಂದು ಅವನೇ ತಿನ್ಲಿ. ಅವನಿಗೇನು ಸಕ್ಕರೆ ಕಾಯಿಲೆ ಐತಾ?"

ಆಚಾರ್ಯರು ದೇವರ ಮುಖ ನೋಡಿದರು.

ಆಮೇಲೆ ಶನಿವಾರ ಶನಿವಾರವೂ ಬಂದರು. ಸಿಂಚನಳ ಹೆಗಲಲ್ಲಿ ಸದಾ ಒಂದು ನೀಲಿ ಚೀಲ: ಇನ್ಸುಲಿನ್ ಪೆನ್ನು, ಬೆರಳಿನ ರಕ್ತ ನೋಡುವ ಮೀಟರು, ಸಕ್ಕರೆ ಇಳಿದರೆ ಬೇಕೆಂದು ಗ್ಲೂಕೋಸ್. ಬಳ್ಳಿಯ ಕುಂಬಳಕಾಯಿ ನೋಡುವಂತೆ ಅಜ್ಜಿ ಅವಳ ಕೆನ್ನೆ ನೋಡುವಳು. ಕೆನ್ನೆ ತುಂಬಿತು, ತೋಳು ತುಂಬಿತು, ಹುಡುಗಿ ಕಾಲೇಜು ಸೇರಿದಳು. ಅಜ್ಜಿ ತುಲಾಭಾರಕ್ಕೆ ದಿನ ಇಡಿಸಿದಳು.

ಅಜ್ಜಿಗೆ ಹಬ್ಬವಾದದ್ದು ಮೊಮ್ಮಗಳಿಗೆ ಬೇನೆಯಾಗಿತ್ತು. ನನಗದು ತಿಳಿದದ್ದು ಆ ದಿನ ಬೆಳಗ್ಗೆ, ಸೋದರತ್ತೆ ಲೀಲಾವತಿ ಮೊಬೈಲ್ ಹಿಡಿದು ಮಂಟಪ ಏರಿದಾಗ.

"ಜಾಗ ಬಿಡಿ, ವೀಡಿಯೊ ತೆಗೀಬೇಕು," ಎಂದಳು ಲೀಲಾವತಿ. "ಅವ್ವ, ತೊಲೆ ತಡೀತದಾ ಕೇಳಿದ್ಯಾ? ಇನ್ಸುಲಿನ್ ಚುಚ್ಚಿ ಚುಚ್ಚಿ ನಮ್ಮ ಹುಡುಗಿ ಗುಂಡುಗುಂಡಗೆ ಆಗವ್ಳೆ."

ಸಿಂಚನ ಬಂದು ನನ್ನ ಮಣೆಯಲ್ಲಿ ಕೂತಳು. ಅಜ್ಜಿ ಅವಳನ್ನು ರೈಸ್ ಮಿಲ್ಲಿನಲ್ಲಿ ಹಿಂದೆ ತೂಗಿಸಿದ್ದ ಲೆಕ್ಕಕ್ಕೆ ಬೆಲ್ಲ ತಂದಿದ್ದಳು. ಒಂದೊಂದಾಗಿ ಬಕೆಟ್ ಬೆಲ್ಲ, ಬಕೆಟ್ಟಿನಲ್ಲಿ ಎರೆದ ದೊಡ್ಡ ಉಂಡೆಗಳು, ಎದುರು ಮಣೆ ಏರಿದವು. ಒಂದು ಬಕೆಟ್ ಇನ್ನೂ ನೆಲದ ಮೇಲಿರುವಾಗಲೇ ಹುಡುಗಿ ಗಾಳಿಯಲ್ಲಿ ಎದ್ದಳು.

"ಭೇಷ್, ಬೆಲ್ಲ ಉಳೀತು" ಎಂದಳು ಲೀಲಾವತಿ.

ಅಜ್ಜಿಯ ಮುಖ ಗಂಟಾಯಿತು. "ಅಯ್ನೋರೆ, ನಿಮ್ಮ ತಕ್ಕಡಿ ಸುಳ್ಳು ಹೇಳ್ತದೆ."

ಮಂಡಿಯಲ್ಲಿ ಮೊಣಕಾಲು ಹೊತ್ತಾಗಲೂ ಇಂಥ ಮಾತು ಕೇಳಿರಲಿಲ್ಲ. ಅಜ್ಜಿ ಮಣೆಯ ಅಡಿ ತಡವಿದಳು, ಸರಪಳಿ ಎಳೆದಳು. ಬೆಲ್ಲ ಇಳಿಸಿ ಮಣೆ ಖಾಲಿ ಮಾಡಿದಳು, ಹುಡುಗಿಯನ್ನೂ ಇಳಿಸಿದಳು. ಕೊನೆಗೆ ಸೀರೆ ಎತ್ತಿಕಟ್ಟಿ ತಾನೇ ಹತ್ತಿ ಕೂತಳು. "ನನ್ನ ತೂಕ ಮೊನ್ನೆ ಆಸ್ಪತ್ರೇಲಿ ನೋಡವ್ರೆ. ಹಾಕಿ, ನೋಡೇಬಿಡೋಣ." ಆಚಾರ್ಯರು ಬೆಲ್ಲ ಹಾಕುತ್ತಾ ಹೋದರು. ಲೀಲಾವತಿ ಇದನ್ನೂ ವೀಡಿಯೊ ತೆಗೆದಳು. ಆಸ್ಪತ್ರೆಯ ಲೆಕ್ಕದಷ್ಟೇ ಬೆಲ್ಲ ಏರಿದಾಗ ನನ್ನ ಮುಳ್ಳು ನೆಟ್ಟಗೆ ನಿಂತಿತು.

ಮಂಟಪದಲ್ಲಿ ಎಲ್ಲರೂ ನಕ್ಕರು, ಅಜ್ಜಿಯನ್ನು ಬಿಟ್ಟು. ತಕ್ಕಡಿ ಸುಳ್ಳಲ್ಲವಾದರೆ ಹುಡುಗಿ ಹಗುರವಾಗಿರುವುದು ನಿಜ. ಅವಳು ಮೊಮ್ಮಗಳ ಕಡೆ ತಿರುಗಿದಳು. ಸಿಂಚನ ಕಂಬಕ್ಕೊರಗಿ ತೀರ್ಥದ ತಂಬಿಗೆಯನ್ನೇ ಎತ್ತಿ ಗಟಗಟನೆ ಕುಡಿಯುತ್ತಿದ್ದಳು. ಅಜ್ಜಿ ಹತ್ತಿರ ಹೋಗಿ ಅವಳ ಬಾಯಿ ಮೂಸಿದಳು.

"ಹಣ್ಣಿನ ವಾಸನೆ. ಕಾಯ್ಲೆ ಶುರುವಾದಾಗ್ಲೂ ಹಿಂಗೇ ಬರ್ತಿತ್ತು. ಮಗ, ಚುಚ್ಚಿಕೊಳ್ಳೋದು ಬಿಟ್ಟಿದ್ದೀಯಾ?"

"ಬಿಟ್ಟಿಲ್ಲ ಅಜ್ಜಿ. ಕಮ್ಮಿ ಮಾಡಿದ್ದೆ." ಸಿಂಚನ ನೆಲ ನೋಡುತ್ತಾ ಹೇಳಿದಳು. "ಕಮ್ಮಿ ಮಾಡಿದ್ರೆ ಬೇಗ ಇಳೀತೀವಿ. ಇವತ್ತು ಎಲ್ರೂ ಬೆಲ್ಲ ಎಣಿಸ್ತಾರೆ ಅಂತ..."

ಅಜ್ಜಿ ಬೈಯಲಿಲ್ಲ. ಲೀಲಾವತಿಯ ಕೈಯಿಂದ ಮೊಬೈಲ್ ಕಿತ್ತು, ವೀಡಿಯೊ ನಿಲ್ಲಿಸಿ ಮತ್ತೆ ಅವಳಿಗೇ ಕೊಟ್ಟು, "ಆಟೋ ಕರಿ ಇದ್ರಲ್ಲಿ. ಆಸ್ಪತ್ರೆಗೆ. ಗೋಪಾಲಪ್ಪ ಕಾಯ್ತಾನೆ, ಅವನಿಗೆ ಬೇರೆ ಕೆಲ್ಸ ಇಲ್ಲ" ಎಂದಳು. ಬೆಲ್ಲ ಮಣೆಯಲ್ಲೇ ಉಳಿಯಿತು. ಆ ಸಂಜೆ ಆಚಾರ್ಯರು ಕಾವ್ಯ ಓದಲಿಲ್ಲ.

ಹಲವು ದಿನಗಳ ನಂತರ ಬೆಲ್ಲ ಒಯ್ಯಲು ಅಜ್ಜಿಯೊಬ್ಬಳೇ ಬಂದಳು. ಹುಡುಗಿ ಐಸಿಯುನಿಂದ ಹೊರಬಂದಿದ್ದಳು. "ಡಾಕ್ಟ್ರಮ್ಮ ಎಲ್ರಿಗೂ ಸರಿಯಾಗಿ ಹೇಳುದ್ರು ಅಯ್ನೋರೆ. ಇನ್ಸುಲಿನ್ ಇಲ್ದೆ ಇಳಿಯೋದು ಕೊಬ್ಬಲ್ವಂತೆ, ಜೀವವೇ ಕರಗಿ ಉಚ್ಚೇಲಿ ಹೋಗೋದಂತೆ. ಮೈ ಇಳೀಬೇಕು ಅನ್ಸಿದ್ರೆ ಬಂದು ಕೇಳು, ಊಟ, ನಡಿಗೆ, ಡೋಸು ಮೂರನ್ನೂ ಕೂತು ಹೊಂದಿಸೋಣ ಅಂದ್ರು. ಒಂದನ್ನ ಮಾತ್ರ ಎಳೆದ್ರೆ ಇನ್ನೊಂದು ಎಗರ್ತದಂತೆ."

ಅಷ್ಟು ಹೇಳಿ ನನ್ನ ಕಡೆ ನೋಡಿದಳು. "ನಿನಗೆ ಸುಳ್ಳ ಅಂದೆ, ತಪ್ಪಾಯ್ತು ಕಣಪ್ಪ."

ಮುಂದಿನ ಶ್ರಾವಣದಲ್ಲಿ ಹುಡುಗಿ ಮತ್ತೆ ಬಂದಳು. ಗುಂಡಗೂ ಅಲ್ಲ, ಸಣ್ಣಗೂ ಅಲ್ಲ, ಸಿಂಚನಳ ಹಾಗಿದ್ದಳು. ನನ್ನ ಮಣೆ ಹತ್ತುವಾಗ, "ಈ ಸಲ ಪೂರ್ತಿ ಬಂದಿದ್ದೀನಿ" ಎಂದು ಮೆಲ್ಲಗೆ ಅಂದದ್ದು ನನಗೊಬ್ಬನಿಗೇ ಕೇಳಿಸಿತು. ತೂಗಿದ ಕೂಡಲೇ ಊಟ ಎಂದು ಆಚಾರ್ಯರು ಹೇಳಿದ್ದನ್ನು ನಂಬಿ ಇನ್ಸುಲಿನ್ ಚುಚ್ಚಿಕೊಂಡು ಬಂದಿದ್ದಳು.

ಆಚಾರ್ಯರು ಎಂದೂ ಇಲ್ಲದಷ್ಟು ಜನ ಕಂಡರು. ಜನ ಕಂಡರೆ ಅವರಿಗೆ ಪದ್ಯ ಬರುತ್ತಿತ್ತು. ಬೆಲ್ಲ ಏರುತ್ತಿದ್ದಂತೆ ಒಂದು ಪದ್ಯ ಎತ್ತಿಕೊಂಡರು. ಒಂದು ಸಾಲಿಗೆ ಒಂದು ರಾಗ, ಅದೇ ಸಾಲಿಗೆ ಇನ್ನೊಂದು. ಬೆಲ್ಲದ ಮಣೆ ಕೂದಲೆಳೆಯಷ್ಟು ಕೆಳಗಿತ್ತು, ಹುಡುಗಿ ಕೂದಲೆಳೆಯಷ್ಟು ಮೇಲೆ. ಬಕೆಟ್ ಬೆಲ್ಲದ ಮೇಲಿಟ್ಟ ಸಣ್ಣ ಅಚ್ಚುಗಳಲ್ಲಿ ಎರಡು ಹೆಚ್ಚಾಗಿದ್ದವು. ತೆಗೆಯಬೇಕಾದವರು ರಾಗದಲ್ಲಿದ್ದರು.

ಅಷ್ಟರಲ್ಲಿ ನನ್ನ ಸರಪಳಿ ನಡುಗತೊಡಗಿತು. ನಡುಗುತ್ತಿದ್ದದ್ದು ಹುಡುಗಿ. ಹಣೆಯಲ್ಲಿ ಬೆವರು, ತುಟಿ ಬಿಳಿಚಿತ್ತು.

"ಅಜ್ಜಿ, ಶುಗರ್ ಲೋ ಆಗ್ತಿದೆ. ನನ್ನ ಚೀಲ?"

ತೂಕಕ್ಕೆ ಸೇರದಿರಲೆಂದು ಬಿಟ್ಟಿದ್ದ ಚೀಲ ಆಟೋದಲ್ಲಿತ್ತು. ಆಟೋದಲ್ಲಿ ಲೀಲಾವತಿ, ಮರೆತ ಹಾರ ತರಲು ಪೇಟೆಗೆ ಹೋಗಿದ್ದಳು. ಅಜ್ಜಿ ಯಾರನ್ನೂ ಕೇಳಲಿಲ್ಲ. ದೇವರ ಮಣೆಗೆ ಕೈ ಹಾಕಿ, ಮೇಲಿದ್ದ ಅಚ್ಚು ಬೆಲ್ಲ ಎತ್ತಿ ಮೊಮ್ಮಗಳ ಕೈಗೆ ತುರುಕಿದಳು. "ಕಚ್ಚು ಮಗ."

ಆಚಾರ್ಯರ ಪದ್ಯ ನಡುಸಾಲಿನಲ್ಲಿ ನಿಂತಿತು. ನನ್ನ ಆಯಸ್ಸಿನಲ್ಲಿ ಅದೇ ಮೊದಲು. "ತಾಯಮ್ಮ, ಇನ್ನೂ ನೈವೇದ್ಯ ಆಗಿಲ್ಲ."

"ಅವನೇ ಕೊಟ್ಟ ಅನ್ಕಳಿ. ಇಷ್ಟೊಂದು ಬೆಲ್ಲ ಮಡಿಕ್ಕೊಂಡು ಒಂದು ಅಚ್ಚು ಕೊಡದೆ ಇರ್ತಾನಾ?"

ಹುಡುಗಿ ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ ಹಿಡಿದು ಕಣ್ಣುಮುಚ್ಚಿ ಅಗಿಯುತ್ತಿದ್ದಳು. ಆಚಾರ್ಯರು ಏನೋ ಹೇಳಲು ತಲೆಯೆತ್ತಿದವರು ನನ್ನ ಮುಳ್ಳನ್ನು ನೋಡಿದರು. ಆ ಮಣೆಯಿಂದ ಹೋದ ಅಚ್ಚು ಈ ಮಣೆ ಸೇರಿತ್ತಲ್ಲ. ನನ್ನ ಮುಳ್ಳು ಅತ್ತಿತ್ತ ಆಡಿ, ಕುಲುಮೆಯಲ್ಲಿ ಹುಟ್ಟಿದ ದಿನ ನಿಂತಂತೆ ನೆಟ್ಟಗೆ ನಿಂತಿತು.

ಆಚಾರ್ಯರು "ತೂಕ ಆಯ್ತು" ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಊಟ ಬಡಿಸಿ ಮೊದಲು."

ಈಗ ನನ್ನ ದಂಡಕ್ಕೆ ತುಕ್ಕು ಹಿಡಿದಿದೆ. ಮಂಟಪದಲ್ಲಿ ಗಾಜಿನ ಮೈಯ ಯಂತ್ರವೊಂದು ಬಂದಿದೆ, ಹತ್ತಿದವರ ತೂಕವನ್ನು ಕೆಂಪು ಅಂಕಿಯಲ್ಲಿ ಊರಿಗೆಲ್ಲ ತೋರಿಸುತ್ತದೆ. ನಾನು ಉಗ್ರಾಣದಲ್ಲಿ ಪಲ್ಲಕ್ಕಿಯ ಬೊಂಬಿನ ಪಕ್ಕ ತೂಗುತ್ತಿದ್ದೇನೆ. ಗೋಡೆಯಾಚೆಯಿಂದ ಪದ್ಯ ಕೇಳಿಸುತ್ತದೆ. ಇತ್ತೀಚೆಗೆ ಆಚಾರ್ಯರು ನಡುವೆ ನಿಲ್ಲಿಸಿ, "ಯಾರಾದ್ರೂ ಊಟ ಮಾಡೋರಿದ್ರೆ ಮಾಡ್ಕೊಂಬನ್ನಿ" ಎನ್ನುವುದುಂಟು.

ಸಿಂಚನ ಶನಿವಾರ ಬಂದಾಗ ಯಂತ್ರವನ್ನು ದಾಟಿಕೊಂಡು ಉಗ್ರಾಣಕ್ಕೆ ಬಂದು ನನ್ನ ಮಣೆಯಲ್ಲಿ ಕೂರುತ್ತಾಳೆ. ಎದುರು ಮಣೆಯಲ್ಲಿ ಅಜ್ಜಿ ಕೂರುತ್ತಾಳೆ. ಎಷ್ಟು ಎಂದು ನನಗೆ ಎಂದೂ ಗೊತ್ತಿರಲಿಲ್ಲ. ಇದಕ್ಕೆ ಅದು ಸಮವೇ ಎಂಬುದಷ್ಟು ಗೊತ್ತು. ಅದೂ ಒಮ್ಮೆ ಹೊಂದಿಸಿ ಮರೆಯುವಂಥದ್ದಲ್ಲ. ನೆಟ್ಟಗೆ ನಿಂತ ಮುಳ್ಳೂ ಒಳಗೊಳಗೆ ಆಡುತ್ತಲೇ ಇರುತ್ತದೆ. ಹುಡುಗಿ ಬೆರಳು ಚುಚ್ಚಿ ಮೀಟರು ನೋಡುವಾಗಲೆಲ್ಲ ಅವಳೂ ನನ್ನ ಕುಲದವಳೇ ಅನ್ನಿಸುತ್ತದೆ.

ಅವರು ಎದ್ದುಹೋದ ಮೇಲೆ ಇರುವೆಗಳು ಬರುತ್ತವೆ. ಹಲಸಿನ ಮಣೆಯಲ್ಲಿ ಮಂಡಿಯ ಕಾಲದ ಬೆಲ್ಲದ ವಾಸನೆ ಇನ್ನೂ ಹೋಗಿಲ್ಲ. ಒಂದು ಮಣೆಯಲ್ಲೆಲ್ಲ ಹುಡುಕಿ, ಸರಪಳಿ ಹತ್ತಿ, ದಂಡ ದಾಟಿ, ಇನ್ನೊಂದು ಮಣೆಗೆ ಇಳಿಯುತ್ತವೆ. ಅವು ದಾಟುವಾಗಲೂ ನಾನು ಇಷ್ಟೇ ಇಷ್ಟು ಬಾಗುತ್ತೇನೆ.