ಮೂರನೇ ದಿನದ ಎಡೆ

ಗುಬ್ಬಿ ಹತ್ತಿರದ ಗೋಮಾಳವನ್ನು ಸಮ ಮಾಡಿ ರನ್‌ವೇ ಹಾಕಿದ್ದರು. ಅದರ ಅಂಚಿಗೇ ಊರಿನ ಮಸಣ. ಕಡಲೆಕಾಯಿ ಹೊಲಗಳಿಗೆ ಕಂಬಳಿಹುಳು ಬಿದ್ದ ಆ ವರ್ಷ, ಔಷಧಿ ಹೊಡೆಯುವ ಪುಟ್ಟ ವಿಮಾನ ಅಲ್ಲಿಂದ ಏಳುತ್ತಿತ್ತು. ಹಕ್ಕಿ ಓಡಿಸುವುದು ಗುಂಡಯ್ಯನ ಕೆಲಸ. ಕೆರೆ ಕಡೆಯಿಂದ ವಿಮಾನ ವಾಪಸ್ಸು ಬರುವ ಸದ್ದು ಕೇಳಿದ ಕೂಡಲೇ ತಗಡಿನ ಡಬ್ಬ ಬಡಿಯಬೇಕು. ತಡವಾದರೆ ಬಡಿಯಲೇಬಾರದು, ಗಾಬರಿಯಿಂದ ಎದ್ದ ಕಾಗೆಗಳು ನೇರ ವಿಮಾನಕ್ಕೇ ಬಂದು ಬಡಿಯುತ್ತವೆ. ಪೈಲಟ್ ಸುಬ್ಬಕೃಷ್ಣ ಇದನ್ನು ಮೊದಲ ದಿನವೇ ಹೇಳಿದ್ದ.

ಅಂದು ಗುಂಡಯ್ಯನ ತಾಯಿ ಕೊಲ್ಲಾಪುರಮ್ಮನ ಮೂರನೇ ದಿನದ ಹಾಲುತುಪ್ಪ.

“ರಜ ತಗೊಳಯ್ಯ,” ಅಂದ ಸುಬ್ಬಕೃಷ್ಣ.

“ಅವ್ವನ್ನ ಮಣ್ಣು ಮಾಡಿರೋದು ಇಲ್ಲೇ ಅಲ್ವಾ ಸಾರ್. ಎರಡೂ ನೋಡ್ಕೋತೀನಿ.”

“ಇವತ್ತು ಕಾಗೆಗೆ ನನಗಿಂತ ಮರ್ಯಾದೆ ಜಾಸ್ತಿ ಅನ್ನು!” ಸುಬ್ಬಕೃಷ್ಣ ನಗುತ್ತಾ ವಿಮಾನ ಹತ್ತಿದ.

ಮನೆಯವರು ಅವ್ವನ ಮಣ್ಣಿನ ಗುಡ್ಡೆಯ ಮೇಲೆ ಎಲೆ ಹಾಸಿ ಮುದ್ದೆ, ಹುರುಳಿ ಸಾರು, ಎಲೆಅಡಿಕೆ ಇಟ್ಟರು. ಕಾಗೆಗಳು ರನ್‌ವೇ ತುಂಬ ಇಳಿದು ಕೂತವು. ಒಂದೂ ಹತ್ತಿರ ಬರಲಿಲ್ಲ.

“ಯಾಕಕ್ಕ ಮುಟ್ತಿಲ್ಲ?” ಗುಂಡಯ್ಯ ಕೇಳಿದ.

“ಯಾಕಂತೆ!” ಅಕ್ಕ ಪುಟ್ಟಗಂಗಮ್ಮ ಸಿಡುಕಿದಳು. “ಮೊನ್ನೆ, ‘ಇವತ್ತೊಂದಿನ ಮನೇಲಿರೋ’ ಅಂತ ಅವ್ವ ಅಂಗಲಾಚಿದ್ಲು. ನೀನು ಡಬ್ಬ ಎತ್ಕೊಂಡು ಬಂದೆ. ಸಂಜೆಗೆ ಅವ್ಳೇ ಇರ್ಲಿಲ್ಲ. ಏನಾರ ಮಾತು ಕೊಡು, ಮುಟ್ತದೆ.”

ಗುಂಡಯ್ಯ ಮಣ್ಣಿಗೆ ಕೈಮುಗಿದ. “ಈ ಕೆಲ್ಸ ಬುಟ್ಬುಡ್ತೀನಿ ಕಣವ್ವಾ. ಕೋಪ ಬುಟ್ಟು ಮುಟ್ಟು.”

ಒಂದು ಕಾಗೆ ಕುಪ್ಪಳಿಸಿ ಎಲೆಯ ಅಂಚಿಗೆ ಬಂತು. ಅದೇ ಹೊತ್ತಿಗೆ ಕೆರೆ ಕಡೆಯಿಂದ ಸದ್ದು ಕೇಳಿತು. ಗುಂಡಯ್ಯ ಡಬ್ಬ ಎತ್ತಿಕೊಂಡ.

“ಒಂದ್ ಗಳಿಗೆ ತಡಿಯೋ!” ಅಕ್ಕ ಅವನ ರಟ್ಟೆ ಹಿಡಿದಳು.

ಅವನು ತಡೆದ. ಕಾಗೆ ಕತ್ತು ಓರೆ ಮಾಡಿ ಮುದ್ದೆ ನೋಡಿತು, ಮುಟ್ಟಲಿಲ್ಲ. ತಿರುಗಿ ನೋಡಿದರೆ ವಿಮಾನ ಆಗಲೇ ಬೇಲಿ ದಾಟಿ ಕೆಳಗಿಳಿದಿತ್ತು. ಈಗ ಬಡಿಯಬಾರದು. ಅದು ಅವನಿಗೆ ಗೊತ್ತಿತ್ತು. ಆದರೂ ಕೈ ಬಡಿಯಿತು.

ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ವಿಮಾನ ಒಂದು ಪಕ್ಕಕ್ಕೆ ವಾಲಿ, ಮೂತಿ ಊರಿ ಹೊಲಕ್ಕೆ ಬಿತ್ತು.

ಜನ ಓಡಿದರು. ಎಲ್ಲರಿಗಿಂತ ಮೊದಲು ತಲುಪಿದ ಗುಂಡಯ್ಯ ಒಡೆದ ಗಾಜಿನೊಳಗೆ ಕೈ ಹಾಕಿದ. ಔಷಧಿಯ ಘಾಟಿಗೆ ಕಣ್ಣು ಉರಿಯಿತು. ಸುಬ್ಬಕೃಷ್ಣನ ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ಉಸಿರಿರಲಿಲ್ಲ.

ಹಿಂದಿನಿಂದ ಪುಟ್ಟಗಂಗಮ್ಮ ಏದುಸಿರು ಬಿಡುತ್ತಾ ಬಂದಳು. “ನಾವೆಲ್ಲ ಈಕಡೆ ಬಂದ್ಮೇಲೆ ಕಾಗೆ ಮುಟ್ತು ಕಣೋ! ಅವ್ವ ಒಪ್ಕೊಂಡ್ಲು!”

“ಸುಮ್ನಿರಕ್ಕ.”

ಅವನು ಸುಬ್ಬಕೃಷ್ಣನನ್ನು ಹೊರಗೆಳೆಯಲು ನೋಡಿದ. ಎದೆಗೆ ಬಿಗಿದಿದ್ದ ಬೆಲ್ಟ್ ಬಿಡಲಿಲ್ಲ. ಅದನ್ನು ಬಿಚ್ಚುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.