ಕಾಡವ್ವನ ಹಾದಿ

ಕಾಡವ್ವ ಕತ್ತೆಯ ಬೆನ್ನಿನಿಂದ ಗಂಟು ಇಳಿಸುವ ಮೊದಲೇ ಕೃಷ್ಣವ್ವನ ಕಣ್ಣು ತಂಗಿಯ ಹಿಮ್ಮಡಿಗೆ ಹೋಯಿತು. ತಂಗಿ ಏಳು ತಿಂಗಳ ಬಸುರಿ, ಬಾಣಂತನಕ್ಕೆಂದು ಬೈಲಹೊಂಗಲಕ್ಕೆ ಅಕ್ಕನ ಮನೆಗೆ ಬಂದವಳು. ನೋಡುವುದಾದರೆ ಹೊಟ್ಟೆ ನೋಡಬೇಕು, ಸೊರಗಿದ ಮುಖ ನೋಡಬೇಕು. ಇವಳು ನೋಡಿದ್ದು ಊರೂರು ತಿರುಗಿ ಒಡೆದ ಹಿಮ್ಮಡಿಯನ್ನು. ನೋಡಿದವಳೇ ತನ್ನ ನುಣುಪಾದ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಯಾಕೆ ಹುಡುಕಬೇಕು?

ಇಬ್ಬರೂ ಬೀಸುಕಲ್ಲಿಗೆ ಮುಳ್ಳು ಹಾಕುವವನ ಮಕ್ಕಳು. ಬೀಸಿ ಬೀಸಿ ಬೋಳಾದ ಕಲ್ಲಿನ ಮೈಗೆ ಚಾಣ ಹಿಡಿದು, ಸುತ್ತಿಗೆಯಿಂದ ಸಣ್ಣ ಸಣ್ಣ ಕುಳಿ ಹೊಡೆದು ಮತ್ತೆ ಒರಟು ಮಾಡಿಕೊಡುವ ಕೆಲಸ. ಅಪ್ಪ ಇಬ್ಬರಿಗೂ ಕಲಿಸಿದ್ದ. ಕೈ ಚೆಂದವಿದ್ದದ್ದು ದೊಡ್ಡವಳದು. ಇದನ್ನು ಅಪ್ಪನೇ ಹತ್ತು ಮಂದಿಯ ಮುಂದೆ ಹೇಳಿದ್ದ. ಆದರೆ ಲಗ್ನದ ಮಾತು ಬಂದಾಗ ಆ ಪುಣ್ಯಾತ್ಮ ಮಾಡಿದ್ದೇನು? ದೊಡ್ಡವಳನ್ನು ಬೈಲಹೊಂಗಲದ ಅರಳೆ ಗಿರಣಿಯಲ್ಲಿ ದುಡಿಯುವ ನೀಲಪ್ಪನಿಗೆ ಕೊಟ್ಟ. "ನನ್ನ ಕೃಷ್ಣಿ ನೆಳ್ಳಾಗ ಇರತಾಳ" ಎಂದು ಹಿಗ್ಗಿದ. ನಿನಗೆ ನೆರಳು ಬೇಕೇನವ್ವಾ ಎಂದು ಕೃಷ್ಣಿಯನ್ನು ಯಾರೂ ಕೇಳಲಿಲ್ಲ. ಚಿಕ್ಕವಳು ಕಿತ್ತೂರಿನಲ್ಲಿ ಕಲ್ಲಿನವರ ಮನೆಯನ್ನೇ ಸೇರಿದಳು. ಅಪ್ಪ ಸತ್ತ ಮೇಲೆ ಅವನು ತಿರುಗುತ್ತಿದ್ದ ಊರುಗಳೆಲ್ಲ ಅವಳ ಪಾಲಿಗೆ ಬಂದವು. ಚಚಡಿಯಿಂದ ಹಿಡಿದು ಮುರಗೋಡ, ಸವದತ್ತಿ, ರಾಮದುರ್ಗದ ಹೊಳೆಯ ದಂಡೆಯವರೆಗೆ. ಒಬ್ಬರ ಊರಿಗೆ ಇನ್ನೊಬ್ಬರು ಚಾಣ ಹಿಡಿದು ಕಾಲಿಡುವಂತಿಲ್ಲ, ಅದು ಕಲ್ಲಿನವರ ಕಟ್ಟು.

ವರ್ಷಾ ವರ್ಷಾ ಜೋಳದ ರಾಶಿಯ ಹೊತ್ತಿಗೆ ಕಾಡವ್ವ ಹೊರಡುತ್ತಿದ್ದಳು, ಮಳೆಗಾಲಕ್ಕೆ ಮುಂಚೆ ತಿರುಗಿ ಬರುತ್ತಿದ್ದಳು. ಬಂದವಳು ಅಕ್ಕನ ಕಟ್ಟೆಯ ಮೇಲೆ ಕೂತು ಕಂಡದ್ದನ್ನೆಲ್ಲ ಹೇಳುವಳು. ಹೊಳೆಯ ನೀರು ಇಂಥಲ್ಲಿ ಸೊಂಟದ ಮಟ್ಟ, ಇಂಥ ಊರಿನ ಮಂದಿ ಮಾತಿಗೊಮ್ಮೆ ನಗುತ್ತಾರೆ, ಇಂಥ ಗುಡ್ಡದ ಮೇಲೆ ನಿಂತರೆ ಮೂರು ಊರಿನ ದೀಪ ಕಾಣುತ್ತವೆ. ಕೃಷ್ಣವ್ವ ರೊಟ್ಟಿ ಬಡಿಯುತ್ತಾ "ಹೌದಾ?" ಅನ್ನುವಳು. ರೊಟ್ಟಿಗೆ ಮಾತ್ರ ಎರಡು ಏಟು ಹೆಚ್ಚು ಬೀಳುತ್ತಿದ್ದವು.

"ಈ ಸಲ ಊರು ತಪ್ಪಿದ್ವು ನೋಡಕ್ಕಾ," ಎಂದಳು ಕಾಡವ್ವ, ಗೋಡೆಗೆ ಒರಗುತ್ತಾ. "ಕಲ್ಲೆಲ್ಲಾ ಸವದಿರತಾವ. ಮಂದಿ ಎಷ್ಟ ದಿನಾ ದಾರಿ ನೋಡ್ಯಾರು? ಬ್ಯಾರೆ ಯಾರನರ ಕರಸತಾರ."

"ನಾ ಹೋಗತೇನಿ," ಎಂದಳು ಕೃಷ್ಣವ್ವ.

ಉಣ್ಣುತ್ತಿದ್ದ ನೀಲಪ್ಪನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. "ನೀ? ಎಲ್ಲಿಗಿ?"

"ನಮ್ಮಪ್ಪನ ಹಾದೀಗಿ. ಬಾಣಂತನಾ ಮಾಡಾಕ ನಿಮ್ಮವ್ವ ಅದಾಳ, ನಿಮಗ ರೊಟ್ಟಿ ಮಾಡಿ ಹಾಕಾಕೂ ಅದಾಳ. ಕಾಡಿ ಅತ್ತಿ ಮರೆವ್ವ ಕತ್ತಿ ಹೊಡಕೊಂಡು ಜೋಡಿ ಬರತಾಳ. ವರ್ಷಾ ಬರಾಕಿನ ಅಲ್ಲೇನು?"

ಹದಿನಾಲ್ಕು ವರ್ಷದ ಸಂಸಾರದಲ್ಲಿ ಹೆಂಡತಿ ಇಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ್ದನ್ನು ನೀಲಪ್ಪ ಕೇಳಿರಲಿಲ್ಲ. ಗಿರಣಿಯ ಸೀಟಿ ಕೂಗಿತು. ಅವನು ಕೈ ತೊಳೆದು ಎದ್ದುಹೋದ. ಬೇಡ ಅನ್ನಲಿಲ್ಲ, ಅಷ್ಟೇ ಸಾಕಾಯಿತು.

ಹೊರಡುವ ದಿನ ಕಾಡವ್ವ ಚಾಣದ ಚೀಲ ಅಕ್ಕನ ಕೈಗೆ ಕೊಟ್ಟು, "ಹಗರಕ ಹೊಡಿ, ಅಕ್ಕಾ" ಎಂದಳು.

ಕೃಷ್ಣವ್ವನ ಮೈ ಉರಿಯಿತು. ಅಬ್ಬಾ, ಈಕೆ ನನಗೆ ಹೇಳಿಕೊಡುತ್ತಾಳೆ! ಮೂಗಿನ ಸುಂಬಳ ನಾನು ಒರೆಸಿದ್ದೇನೆ, ಚಾಣ ಹಿಡಿಯುವಾಗ ಬೆರಳು ಜಜ್ಜಿಕೊಂಡರೆ ಅರಿಶಿನ ನಾನು ಹಚ್ಚಿದ್ದೇನೆ. "ಆತು ಬಿಡವ್ವಾ, ನೀ ಹೇಳಿದ ಮ್ಯಾಲೆ," ಎಂದು ತಿರುಗಿಯೂ ನೋಡದೆ ಹೊರಟಳು.

ಮೊದಲ ನಾಲ್ಕು ದಿನ ಅವಳಿಗೆ ಮುಪ್ಪಿನ ಮರೆವ್ವನೂ ಚೆಂದ ಕಂಡಳು, ಕತ್ತೆಯೂ ಚೆಂದ ಕಂಡಿತು. ಸೀಟಿ ಇಲ್ಲದ ಬೆಳಗು! ಕುಸುಬೆ ಹೊಲದ ಬದುವಿನಲ್ಲಿ ಸುಮ್ಮನೆ ನಿಂತರೆ ಯಾಕೆ ನಿಂತೆ ಅನ್ನುವವರಿಲ್ಲ. ನಾಳೆ ಮಲಗುವ ಊರು ಯಾವುದೆಂದು ಇವತ್ತು ಗೊತ್ತಿಲ್ಲ. ಅಂಗಾಲಲ್ಲಿ ಬೊಬ್ಬೆ ಎದ್ದವು, ಒಡೆದವು, ಮತ್ತೆ ಎದ್ದವು. ಅವಳು ಸಂಜೆ ಕೂತು ಅವನ್ನು ಒಡವೆಯ ಹಾಗೆ ಸವರಿ ನೋಡಿಕೊಳ್ಳುತ್ತಿದ್ದಳು.

ಹಾಳಾದದ್ದು ಚಚಡಿಯಲ್ಲಿ. ವಾಡೆಯ ಆಳುಗಳು ಬೀಸುಕಲ್ಲನ್ನು ಅಂಗಳಕ್ಕೆ ತಂದಿಟ್ಟರು. ವಾಡೆಯ ಹಿರಿಯಾಕೆ ಕಂಬದ ಹತ್ತಿರ ನಿಂತು ಕೃಷ್ಣವ್ವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಮ್ಮ ಕಾಡವ್ವ ಎಲ್ಲೆ?"

"ಬಸುರಿ ಅದಾಳ್ರಿ. ನಾ ಆಕೀ ಅಕ್ಕ."

"ಅಕ್ಕ ಇದ್ದಾಳಂತ ಆಕಿ ಎಂದೂ ಅಂದಿದ್ದಿಲ್ಲಲ್ಲ! ಅಯ್ಯ, ಆಕಿ ಬಂದ್ರ ಒಂದ ಹಾಡರ ಕೇಳತಿದ್ವಿ."

ನಮ್ಮ ಕಾಡವ್ವ. ಮುರಗೋಡದಲ್ಲಿ ಮಠದ ಓಣಿಯಲ್ಲೂ ಅದೇ ಮಾತು, ಸವದತ್ತಿಯ ಪೇಟೆಯಲ್ಲೂ ಅದೇ. ಹಾದಿಯ ಬಾವಿಯೂ ಅವಳದೇ, ಬುತ್ತಿ ಬಿಚ್ಚುವ ಮರವೂ ಅವಳದೇ. "ಕಾಡಿ ಇಲ್ಲೇ ಕುಂದರತಾಳ, ಕಾಡಿ ಇದನ್ನ ತಿಂತಾಳ" ಎಂದು ಮರೆವ್ವ ಬೇರೆ ಹಾಡುತ್ತಿದ್ದಳು. ಅಪ್ಪನ ಹಾದಿ ಎಂದುಕೊಂಡು ಬಂದರೆ, ಉದ್ದಕ್ಕೂ ತಂಗಿಯೇ ಎದ್ದು ಬರುತ್ತಿದ್ದಳು.

ಆದರೆ ಚಚಡಿಯ ಹಿರಿಯಾಕೆ ಇನ್ನೊಂದು ಮಾತೂ ಆಡಿದ್ದಳು. "ಆಕೀ ಕೈ ಹಗರ. ಹಿಟ್ಟು ಮೆತ್ತಗ ಬೀಳತೈತಿ, ಖರೆ. ವರ್ಷಾ ತುಂಬೂದ್ರಾಗ ಮತ್ತ ಕಲ್ಲು ಬೋಳ."

ಕೃಷ್ಣವ್ವ ಆ ಮಾತನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಅಲ್ಲೇ ವಾಡೆಯ ಅಂಗಳದಲ್ಲಿ ಕೂತಳು, ಚಾಣ ಇಟ್ಟಳು, ಹೊಡೆದಳು. ಹೊಡೆದಳೆಂದರೆ ಅಂಗಳದ ಪಾರಿವಾಳಗಳೆಲ್ಲ ಎದ್ದವು. ಒಂದೊಂದು ಮುಳ್ಳೂ ಜೋಳದ ಕಾಳು ಮುಳುಗುವಷ್ಟು ಆಳ, ಒಂದಕ್ಕೊಂದು ಸಮ. "ವಾರದಿನಾ ಹಿಟ್ಟಿನ್ಯಾಗ ಸಣ್ಣ ಕಲ್ಲಿನ ಹರಳು ಬರತಾವ್ರಿ, ತವುಡು ಬೀಸಿ ಚೆಲ್ರಿ," ಎಂದಳು ಎದ್ದು ನಿಂತು. "ಆಮ್ಯಾಲೆ ಮೂರು ವರ್ಷಾ ಇದರ ಕಡೆ ನೋಡೂದ ಬ್ಯಾಡ."

"ಮೂರು ವರ್ಷಾ!" ಎಂದಳು ಹಿರಿಯಾಕೆ. ಮೊರದ ತುಂಬ ಜೋಳ ಹಾಕಿಸಿದಳು, ಮೇಲೊಂದು ಬೆಲ್ಲದ ಹೆಂಟೆ. ಅದು ಕಾಡವ್ವನಿಗೆ ಎಂದಾದರೂ ಸಿಕ್ಕಿತ್ತೇ ಎಂದು ಮರೆವ್ವನನ್ನು ಕೇಳಿದ ಮೇಲೇ ಕೃಷ್ಣವ್ವ ಬೆಲ್ಲವನ್ನು ಬಾಯಿಗೆ ಹಾಕಿಕೊಂಡದ್ದು. ಸಿಕ್ಕಿರಲಿಲ್ಲವಂತೆ. ಬಹಳ ಸಿಹಿಯಾಗಿತ್ತು.

ಅಲ್ಲಿಂದ ಮುಂದೆ ಊರೂರಿಗೂ ಹಾಗೇ. ಮರೆವ್ವ ಗೊಣಗುತ್ತಿದ್ದಳು, "ಕಾಡಿ ಹೊತ್ತೇರೂದ್ರಾಗ ಎರಡು ಕಲ್ಲು ಮುಗಸತಾಳ. ನೀ ಏನ ಬಾವಿ ತೋಡಾಕತ್ತೀಯೇನು?"

"ಕೆಲಸಾ ಅಂದ್ರ ಏನಂತ ನೋಡ್ಲಿ ಮಂದಿ," ಎನ್ನುವಳು ಕೃಷ್ಣವ್ವ.

ನೋಡಿದರು. ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿದರು. ರಾಮದುರ್ಗ ಮುಟ್ಟುವ ಹೊತ್ತಿಗೆ ಹೆಸರು ಅವಳಿಗಿಂತ ಮುಂದೆ ಹೋಗಿತ್ತು. ನೇಕಾರರ ಓಣಿಯಲ್ಲಿ ಹೆಂಗಸರು ತಾವೇ ಕಲ್ಲು ಹೊರಗಿಟ್ಟು ಕಾಯುತ್ತಿದ್ದರು. "ಮೂರು ವರ್ಷದ ಮುಳ್ಳು ಹಾಕಾಕಿ ನೀನ ಏನು?" ಎಂದರು. ಕಾಡವ್ವ ಎಲ್ಲಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಆ ದಿನ ಕೃಷ್ಣವ್ವ ಹೊಳೆಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು, ಯಾವುದೋ ಹಳೆಯ ಹಾಡನ್ನು ಗಟ್ಟಿಯಾಗಿ ಹೇಳಿದಳು.

ಮನೆಗೆ ಬಂದಾಗ ಮುಂಗಾರಿನ ಮೊದಲ ಮೋಡ ಕಟ್ಟಿತ್ತು. ಕಾಡವ್ವನ ಮಗ್ಗುಲಲ್ಲಿ ತಿಂಗಳ ಹೆಣ್ಣುಕೂಸು. ಕೃಷ್ಣವ್ವ ಕೂಸನ್ನು ಎತ್ತಿ ಮುದ್ದಾಡಿದಳು, ಕೆಳಗಿಟ್ಟಳು, ಬೇಕೆಂದೇ ಕಾಲು ಚಾಚಿ ಕೂತಳು. ಹಿಮ್ಮಡಿ ಒಡೆದು ಬಾಯಿಬಿಟ್ಟಿದ್ದವು. ಕಾಡವ್ವ ನಕ್ಕಳು.

"ಎಣ್ಣಿ ಹಚ್ಚಕ್ಕಾ. ಊರಾಗ ಎಲ್ಲಾರೂ ಅರಾಮ ಅದಾರೇನು? ನನ್ನ ಕೇಳಿದ್ರ?"

"ಮೊದಲ ಕೇಳಿದ್ರು," ಎಂದಳು ಕೃಷ್ಣವ್ವ, ಈ ಮಾತಿಗಾಗಿ ಮೂರು ತಿಂಗಳು ಕಾದವಳು. "ಕಡೀಕ ಯಾರೂ ಕೇಳಲಿಲ್ಲ. ಮೂರು ವರ್ಷಾ ನೋಡೂದ ಬ್ಯಾಡ ಅನ್ನೂವಂಗ ಹಾಕಿ ಬಂದೇನಿ."

ಕಾಡವ್ವನ ನಗು ನಿಂತಿತು. "ಎಷ್ಟ ಆಳ ಹೊಡದಿ?"

ಕೃಷ್ಣವ್ವ ಹೆಬ್ಬೆರಳಿನ ಉಗುರನ್ನು ಅರ್ಧಕ್ಕೆ ಹಿಡಿದು ತೋರಿಸಿದಳು.

"ಎಲ್ಲಾ ಊರಾಗೂ?"

"ಎಲ್ಲಾ ಊರಾಗೂ. ಒಂದ ಮನೀ ಬಿಟ್ಟಿಲ್ಲ."

ಕಾಡವ್ವ ಕೂಸಿನ ಕುಂಚಿಗೆ ಸರಿಮಾಡಿದಳು. ಸರಿಯಾಗಿಯೇ ಇದ್ದದ್ದನ್ನು ಮತ್ತೆ ಬಿಚ್ಚಿ ಕಟ್ಟಿದಳು.

"ಹಗರಕ ಹೊಡಿ ಅಂದಿದ್ದೆ," ಎಂದಳು ಮೆಲ್ಲಗೆ. "ಅಪ್ಪ ಸಾಯೂ ಮುಂದ ಹೇಳಿದ್ದ, ಮುಳ್ಳು ವರ್ಷಕ್ಕ ಸವೀಬೇಕು ಮಗಳ, ಅಂದ್ರನ ಹಾದಿ ಇರತೈತಿ ಅಂತ. ಇನ್ನ ಮೂರು ವರ್ಷಾ ನಮ್ಮನ್ನ ಯಾರ ಕರೀತಾರಕ್ಕಾ? ಹೊಳೀ ಆಚಿ ಊರು ಬ್ಯಾರೆಯವರವು. ಮುಂದಿನ ವರ್ಷ ಕೂಸಿನ್ನ ಬೆನ್ನಿಗಿ ಕಟಗೊಂಡು ನಾವಿಬ್ಬರೂ ಕೂಡೇ ಹೋಗೂಣಂತ ಮಾಡಿದ್ದೆ."

ಕೂಡೇ. ಕಾಡವ್ವ ಬೈದಿದ್ದರೆ ಕೃಷ್ಣವ್ವ ತಿರುಗಿ ಬೈಯಬಹುದಿತ್ತು. ಬೈಗುಳ ಅವಳ ನಾಲಿಗೆಯ ಮೇಲೆ ತಯಾರಾಗಿಯೇ ಇತ್ತು, ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

"ನನಗ ನಿನ್ನ ಹಾದಿ ಬೇಕಾಗಿತ್ತ, ಕಾಡಿ," ಎಂದಳು. "ಭಾಳ ಹೊಟ್ಟಿ ಉರೀತಿತ್ತ."

"ಗೊತ್ತೈತಿ," ಎಂದಳು ಕಾಡವ್ವ. "ರೊಟ್ಟಿ ಬಡಿಯೂ ಸಪ್ಪಳಾ ಕೇಳತಿದ್ದೆ."

ಮರುದಿನ ಬೆಳಿಗ್ಗೆ ನೀಲಪ್ಪ ಬುತ್ತಿಗಂಟು ಹಿಡಿದು ಹೊಸ್ತಿಲು ದಾಟುತ್ತಿದ್ದ. ಕಾಡವ್ವ ಕೂಸಿಗೆ ಮೊಲೆ ಕೊಡುತ್ತಲೇ ಕೇಳಿದಳು.

"ಮಾಮಾ, ನಿಮ್ಮ ಗಿರಣ್ಯಾಗ ಹೆಣ್ಣಾಳು ತಗೋತಾರೇನ್ರಿ?"

"ತಗೋತಾರವ್ವಾ," ಎಂದ ನೀಲಪ್ಪ. "ಅರಳಿ ಆರಸಾಕ ಬೇಕಾಗತಾರ. ಯಾಕ?"

ಒಳಗೆ ಕೃಷ್ಣವ್ವ ಬೀಸುತ್ತಿದ್ದಳು. ತನ್ನ ಕಲ್ಲಿಗೆ ಯಾರೋ ಹೊಸ ಮುಳ್ಳು ಹಾಕಿದ್ದು ಕೈಗೆ ಆಗಲೇ ತಿಳಿದಿತ್ತು. ಹಿಟ್ಟು ಮೆತ್ತಗೆ ಬೀಳುತ್ತಿತ್ತು, ಕಲ್ಲಿನ ಒಂದು ಹರಳೂ ಇಲ್ಲ. ಮೇಲಿನ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿ, ಬೆರಳಿಂದ ಹಿಟ್ಟು ಸರಿಸಿ ನೋಡಿದಳು. ಸಣ್ಣ, ಮೇಲುಮೇಲಿನ ಮುಳ್ಳುಗಳು, ತಂಗಿಯ ಕೈಯವು. ಬರುವ ವರ್ಷ ರಾಶಿಯ ಹೊತ್ತಿಗೆ ಸವೆದಿರುತ್ತವೆ.

ಗಿರಣಿಯ ಸೀಟಿ ಕೂಗಿತು. ಅವಳು ಕಲ್ಲನ್ನು ಮತ್ತೆ ಕೂಡಿಸಿ, ಒಂದು ಹಿಡಿ ಜೋಳ ಹಾಕಿ, ಗೂಟ ಹಿಡಿದಳು. ತಂಗಿಯ ಮುಳ್ಳು ಸವೆದೀತೆಂದು ಎಷ್ಟು ಮೆಲ್ಲಗೆ ತಿರುವಿದಳೆಂದರೆ ಹಿಟ್ಟು ಬೀಳುವುದೇ ತಡವಾಯಿತು.