ಉನಾಯ್ಸಿಯ ಹುಬ್ಬು

ಉನಾಯ್ಸಿಗೆ ‘ಹೂಂ’ ಎನ್ನಲು ನಾಲಿಗೆ ಬೇಕಿರಲಿಲ್ಲ, ಹುಬ್ಬು ಸಾಕಿತ್ತು. ಹುಬ್ಬೆತ್ತಿ ಒಪ್ಪಿಗೆ ಸೂಚಿಸುವುದು ಫಿಜಿಯ ನಮ್ಮೆಲ್ಲರ ಅಭ್ಯಾಸವೇ ಆದರೂ, ಫೋನಿನಲ್ಲಿ ಮಾತಾಡುವಾಗಲೂ ಹುಬ್ಬೆತ್ತಿ ಸುಮ್ಮನಾಗಿ, ಆ ಕಡೆಯವನು “ಹಲೋ, ಹಲೋ” ಎಂದು ಬಡಕೊಳ್ಳುವಂತೆ ಮಾಡುತ್ತಿದ್ದವಳು ಇವಳೊಬ್ಬಳೇ. ಸುವಾದ ನಮ್ಮ ಬಿಸ್ಕತ್ತು ಕಾರ್ಖಾನೆಗೆ ಹಿಟ್ಟು, ಎಣ್ಣೆ, ಡಬ್ಬಿ ತರಿಸುವುದೂ, ಬೆಂದ ಬಿಸ್ಕತ್ತನ್ನು ದೂರದ್ವೀಪಗಳ ಅಂಗಡಿಗಳಿಗೆ ಹಡಗಿನಲ್ಲಿ ಮುಟ್ಟಿಸುವುದೂ ಅವಳ ಹೊಣೆ. ಉಗ್ರಾಣದ ಗುಮಾಸ್ತನಾಗಿ ನಾನು ಅವಳ ಹಿಂದೆ ಓಡಿದವನು. ಗಂಡನ ಹಳೆಯ ರಗ್ಬಿ ಜಾಕೆಟ್ಟು ತೊಟ್ಟ ಆ ಸ್ಥೂಲಕಾಯ ಚೀಲಗಳ ನಡುವೆ ನುಗ್ಗುವ ವೇಗಕ್ಕೆ ನನ್ನ ನಡಿಗೆ ಸಾಲುತ್ತಿರಲಿಲ್ಲ.

ಒಂದು ವರ್ಷ, ಚಂಡಮಾರುತದ ಕಾಲ ಸಮೀಪಿಸಿ, ಹಡಗು ನಿಲ್ಲುವ ಮೊದಲೇ ದ್ವೀಪಗಳಿಗೆ ಬಿಸ್ಕತ್ತು ತಲುಪಬೇಕಿದ್ದಾಗ, ನಮಗೆ ತೆಂಗಿನೆಣ್ಣೆ ಕೊಡುತ್ತಿದ್ದ ಊರಿನ ಮುಖಂಡರು ತೀರಿಕೊಂಡರು. ಮುಖಂಡರು ಹೋದರೆ ಆ ಊರಿನ ಕಡಲಿಗೇ ಸೂತಕ: ಬಲೆ ಬೀಳದು, ದೋಣಿ ಇಳಿಯದು. ಪೀಪಾಯಿಗಳು ದಡದಲ್ಲೇ ಕುಳಿತವು. ಇಲ್ಲಿ ಕಾರ್ಖಾನೆಯ ಒಲೆ ಇನ್ನೇನು ಆರುವುದರಲ್ಲಿತ್ತು. ಗುಡ್ಡದಾಚೆಯ ಊರಿನಿಂದ ದೋಣಿ ಹೊರಡಬಹುದಿತ್ತು, ಆದರೆ ನಡುವೆ ಇದ್ದದ್ದು ಕಾಲುಹಾದಿ, ಪೀಪಾಯಿ ಹೊರಬೇಕಾದವರು ಸಾವಿನ ಮನೆಯವರು.

“ಹೋಗಿ ಕೇಳಮ್ಮಾ, ಕೇಳಿದ್ರೆ ಗಂಟೇನು ಹೋಗುತ್ತೆ?” ಎಂದರು ಮ್ಯಾನೇಜರ್ ಲಾಲ್.

“ಸಾವಿನ ಮನೇಲಿ ವ್ಯಾಪಾರ ಮಾಡ್ತಾರಾ ಸಾರ್? ಹೋಗ್ತೀನಿ, ಅಳೋಕೆ. ಕೇಳೋಕಲ್ಲ.”

ಚಾಪೆ, ಬಿಸ್ಕತ್ತಿನ ಡಬ್ಬಿ, ಸಾವಿನ ಮನೆಗೆ ಗೌರವವಾಗಿ ಒಪ್ಪಿಸುವ ತಿಮಿಂಗಿಲದ ಹಲ್ಲು ಹೊತ್ತು ಗುಡ್ಡ ದಾಟಿ ಹೋದೆವು. ಹಲ್ಲನ್ನು ಹಿರಿಯರ ಮುಂದಿಟ್ಟು ಮನಸಾರೆ ಅತ್ತವಳು, ಆಮೇಲೆ ಹೆಂಗಸರೊಡನೆ ಅಡುಗೆಮನೆ ಸೇರಿ ಪಾತ್ರೆ ತಿಕ್ಕತೊಡಗಿದಳು. ನಾನು ಅವಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದೆ.

“ಅಕ್ಕಾ, ಒಂದು ಮಾತು ಹಾಕಿ ನೋಡೋಣ?”

“ಬಾಯ್ಮುಚ್ಕೊಂಡು ಗೆಡ್ಡೆ ಸುಲಿ.”

ಹೊರಟಾಗ ಸತ್ತವರ ತಮ್ಮ ಇಲಿಯೇಸಾ ಬಾಗಿಲಿಗೆ ಬಂದರು. “ನಮ್ಮ ಎಣ್ಣೆ ಬರ್ದೆ ನಿಮ್ಮ ಒಲೆ ಆರ್ತಿದೆಯಂತೆ, ಹೌದೇನಮ್ಮಾ?”

ಸದಾ ಕುಣಿಯುತ್ತಿದ್ದ ಆ ಹುಬ್ಬು ಅಂದು ಏಳಲೇ ಇಲ್ಲ. “ನಿಮ್ಮನೆ ದೀಪಾನೇ ಆರಿದೆ ದೊಡ್ಡಪ್ಪ. ನಮ್ಮ ಒಲೆ ಮಾತು ಯಾಕೆ ಬಿಡಿ,” ಎಂದು ತಲೆ ತಗ್ಗಿಸಿದಳು.

ಮುದುಕರು ಅವಳನ್ನೇ ನೋಡಿದರು. ಆಮೇಲೆ ಅಂಗಳದತ್ತ ತಿರುಗಿ ಗದರಿದರು: “ಏನ್ರೋ ನೋಡ್ತಾ ನಿಂತಿದೀರಿ? ಸೂತಕ ಕಡಲಿಗೆ, ಹೆಗಲಿಗಲ್ಲ! ಬಿರುಗಾಳಿ ಬಂದು ತೋಟ ಮಲಗಿದಾಗ ನಮ್ಮ ಮಕ್ಕಳೂ ತಿನ್ನೋದು ಅದೇ ಬಿಸ್ಕತ್ತು ಕಣ್ರೋ!”

ಅಬ್ಬಾ, ಕಪ್ಪುಡುಗೆಯ ಆ ಊರಿಗೂರೇ ಪೀಪಾಯಿಗಳನ್ನು ಬೊಂಬಿಗೆ ಕಟ್ಟಿ, ಪ್ರಾರ್ಥನೆಯ ಹಾಡು ಹೇಳುತ್ತಾ ಗುಡ್ಡ ಹತ್ತಿದ ಆ ದೃಶ್ಯವನ್ನು ಹೇಗೆ ಮರೆಯಲಿ! ಉನಾಯ್ಸಿಯೂ ಜಾಕೆಟ್ಟು ಮಡಚಿ ಹೆಗಲಿಗಿಟ್ಟು ಒಂದು ಬೊಂಬಿನ ತುದಿ ಹೊತ್ತಿದ್ದಳು. ಬಿರುಗಾಳಿ ಬಂದಾಗ ಪ್ರತಿ ದ್ವೀಪದಲ್ಲೂ ನಮ್ಮ ಡಬ್ಬಿಗಳಿದ್ದವು.

ಸರಕು ಸಾಗಿಸುವವರು ಲೋಕದಲ್ಲಿ ಬೇಕಾದಷ್ಟು ಜನ; ಗದರಿಸಿ ತರಿಸುವವರು, ಬೇಡಿ ತರಿಸುವವರು. ಇವಳ ಕುಲದವರು ಎಲ್ಲೋ ಅಪರೂಪ: ಪರರ ದುಃಖಕ್ಕೆ ಮೊದಲು ಜಾಗ ಬಿಟ್ಟುಕೊಟ್ಟು, ತಮ್ಮ ಅವಸರವನ್ನು ಹೊಸ್ತಿಲಾಚೆ ನಿಲ್ಲಿಸಬಲ್ಲವರು. ಅಂಥವಳ ಹಿಂದೆ ಓಡಿದ್ದಕ್ಕೆ ಹೆಮ್ಮೆಯುಂಟೇ ಎಂದು ಯಾರಾದರೂ ಕೇಳಿದರೆ ನಾನು ಮಾತಾಡುವುದಿಲ್ಲ. ಹುಬ್ಬೆತ್ತುತ್ತೇನೆ.